ನಿರೀಶ್ವರವಾದವೂ ಇಚ್ಛಾಸ್ವಾತಂತ್ರ್ಯವೂ

ದೇವರಿಲ್ಲವೆಂದವನು ಜಡವಾದಿಯೇ ಆಗಿರಬೇಕು, ಜಡವಾದಿಯು ಮನುಷ್ಯನ ಇಚ್ಛಾಸ್ವಾತಂತ್ರ್ಯವನ್ನು ಒಪ್ಪಲಾರನು ಎಂಬ ಮಾತು ನಮ್ಮ ವಿದ್ಯಾವಂತರ ಗೋಷ್ಠಿಗಳಲ್ಲಿ ಸಿದ್ಧಾಂತವೆಂಬಂತೆ ಸಂಚರಿಸುತ್ತಿರುವುದು. ದೇಹವು ಅಣುಗಳ ಕೂಟ, ಅಣುಗಳು ನಿಯಮಕ್ಕೆ ಕಟ್ಟುಬಿದ್ದವು. ಆದುದರಿಂದ ಕಳ್ಳನು ಕದ್ದುದೂ ದಾನಿಯು ಕೊಟ್ಟುದೂ ಕಲ್ಲು ಕೆಳಗುರುಳಿದಂತೆಯೇ ಎಂಬುದು ಇದರ ಫಲಿತಾರ್ಥ. ಹಾಗಾದರೆ ನ್ಯಾಯಾಧೀಶರು ಯಾವ ಮುಖದಿಂದ ಶಿಕ್ಷೆ ವಿಧಿಸಬೇಕು? ಸಮಾಜಸುಧಾರಕನು ಯಾರನ್ನು ಎಚ್ಚರಿಸಬೇಕು?

ಈ ಮಾತನ್ನು ತಲೆಕೆಳಗು ಮಾಡಿದವರೊಬ್ಬರು ನೆರೆಯ ಆಂಧ್ರದಲ್ಲಿಯೇ ಇದ್ದರು. ಗೋರಾ ಎಂದು ಪ್ರಸಿದ್ಧರಾದ ಗೋಪರಾಜು ರಾಮಚಂದ್ರರಾಯರು (1902–1975) ಸಸ್ಯಶಾಸ್ತ್ರದ ಅಧ್ಯಾಪಕರಾಗಿದ್ದವರು. 1940ರಲ್ಲಿ ಕೃಷ್ಣಾ ಜಿಲ್ಲೆಯ ಮುದುನೂರಿನಲ್ಲಿ ನಾಸ್ತಿಕ ಕೇಂದ್ರವನ್ನು ಸ್ಥಾಪಿಸಿದರು. ಹಣೆಬರಹವೆಂದು ಕೈಕಟ್ಟಿ ಕುಳಿತವನು ದಾಸನು, ತಾನು ಸ್ವತಂತ್ರನೆಂದರಿತವನೇ ನಾಸ್ತಿಕನು ಎಂಬುದು ಅವರ ವಾದದ ತಿರುಳು. ಮನುಷ್ಯನನ್ನು ಪರಿಸ್ಥಿತಿಯ ಕೈಗೊಂಬೆಯನ್ನಾಗಿಸುವ ಜಡವಾದವನ್ನೂ ಅವರು ಒಪ್ಪಲಿಲ್ಲ. ಅಸ್ಪೃಶ್ಯತಾನಿವಾರಣೆಗಾಗಿ ಅವರು ಪಟ್ಟ ಶ್ರಮವು ಮಹಾತ್ಮಾಜಿಯವರನ್ನು ಆಕರ್ಷಿಸಿ, 1944ರಿಂದ ಇಬ್ಬರಲ್ಲಿಯೂ ಹಲವು ಬಾರಿ ಚರ್ಚೆಗಳು ನಡೆದವು. ಆದರೆ ಗೋರಾರವರು ಸ್ವಾತಂತ್ರ್ಯವನ್ನು ಸಾರಿದರೇ ಹೊರತು ಅದಕ್ಕೆ ಆಧಾರವಾದ ತತ್ತ್ವವನ್ನು ವಿಸ್ತಾರವಾಗಿ ಕಟ್ಟಲಿಲ್ಲವೆಂದೇ ನಮ್ಮ ಅಭಿಪ್ರಾಯ. ಅದಕ್ಕೆ ನಮ್ಮ ಹಳೆಯ ದರ್ಶನಗಳನ್ನೇ ನೋಡಬೇಕು.

ಈಶ್ವರಕೃಷ್ಣನ ಸಾಂಖ್ಯದಲ್ಲಿ ಸೃಷ್ಟಿಕರ್ತನಾದ ಈಶ್ವರನಿಗೆ ಸ್ಥಾನವಿಲ್ಲ. ಆದರೂ ಅದು ಜಡವಾದವಲ್ಲ; ಚೇತನನಾದ ಪುರುಷನು ಪ್ರಕೃತಿಗಿಂತ ಬೇರೆ. ಆದರೆ ನಿಶ್ಚಯಿಸತಕ್ಕ ಬುದ್ಧಿಯೂ ನಾನೆಂಬ ಅಹಂಕಾರವೂ ಪ್ರಕೃತಿಯ ಪರಿಣಾಮಗಳೇ. ಪುರುಷನು ಬರಿಯ ಸಾಕ್ಷಿ, ಅಕರ್ತೃ. ಚಿನ್ನವನ್ನು ಕಾಪಾಡಿ ಪೆಟ್ಟಿಗೆಯ ಬೀಗದ ಕೈಯನ್ನು ಕಳ್ಳನಿಗೊಪ್ಪಿಸಿದಂತಾಯಿತು.

ಜೈನರ ಮಾರ್ಗವು ಬೇರೆ. ಅವರಿಗೂ ಜಗತ್ಕರ್ತನಿಲ್ಲ, ಆದರೆ ಜೀವನು ಚೇತನನು, ಕರ್ತೃವೂ ಭೋಕ್ತೃವೂ ಅವನೇ. ಕರ್ಮವೆಂಬುದು ಸೂಕ್ಷ್ಮವಾದ ಪುದ್ಗಲ, ಎಂದರೆ ಜಡದ್ರವ್ಯ. ಅದು ಕಟ್ಟುವುದು ನಿಜ, ಪುರುಷಪ್ರಯತ್ನದಿಂದ ಅದನ್ನು ತಡೆಯಲೂ ಉದುರಿಸಲೂ ಬರುವುದು. ಗೆದ್ದ ರಾಜ್ಯವನ್ನು ಗೆದ್ದ ಕ್ಷಣದಲ್ಲಿಯೇ ಬಿಟ್ಟು ನಡೆದ ಬಾಹುಬಲಿಯನ್ನು ಶ್ರವಣಬೆಳ್ಗೊಳದಲ್ಲಿ ಕಂಡ ಕನ್ನಡಿಗನಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಉಪಾಸಕದಶಾ ಎಂಬ ಆಗಮದಲ್ಲಿ ಸದ್ದಾಲಪುತ್ತನೆಂಬ ಕುಂಬಾರನ ಕಥೆಯಿರುವುದು. ಆತನು ಮಕ್ಖಲಿ ಗೋಸಾಲನ ಅನುಯಾಯಿ. ಸಕಲವೂ ನಿಯತಿಯಿಂದಲೇ ನಡೆಯುವುದು, ಪ್ರಯತ್ನವೆಂಬುದೇ ಇಲ್ಲವೆಂದು ನಂಬಿದವನು. ಈ ಮಡಕೆಗಳು ಪ್ರಯತ್ನದಿಂದಾದುವೋ ಎಂದು ಮಹಾವೀರನು ಕೇಳಲು, ಇಲ್ಲವೆಂದನು. ಯಾವನಾದರೂ ನಿನ್ನ ಮಡಕೆಗಳನ್ನು ಕದ್ದರೆ, ಒಡೆದರೆ, ನಿನ್ನ ಹೆಂಡತಿಯನ್ನು ಕೆಣಕಿದರೆ ಏನು ಮಾಡುವೆ? ಬಯ್ಯುವೆನು, ಹೊಡೆಯುವೆನು, ಕೊಂದೇಬಿಡುವೆನು ಎಂದನು ಕುಂಬಾರನು. ಪ್ರಯತ್ನವೇ ಇಲ್ಲದಿದ್ದಲ್ಲಿ ಅವನು ಕದ್ದವನೂ ಅಲ್ಲ, ನೀನು ಹೊಡೆಯುವವನೂ ಅಲ್ಲವಲ್ಲ ಎಂದು ಮಹಾವೀರನು ತೋರಿಸಿಕೊಟ್ಟನು. ಈ ಸಂವಾದದಲ್ಲಿ ಇಬ್ಬರೂ ಸೃಷ್ಟಿಕರ್ತನನ್ನು ಆಶ್ರಯಿಸಿದವರಲ್ಲ. ಗೋಸಾಲನು ಪುನರ್ಜನ್ಮವನ್ನೊಪ್ಪಿದವನು, ಚಾರ್ವಾಕನಲ್ಲ; ಹಾಗಿದ್ದೂ ಸ್ವಾತಂತ್ರ್ಯವನ್ನು ಅಲ್ಲಗಳೆದನು. ಎಂದಮೇಲೆ ನಿಯತಿವಾದಕ್ಕೆ ಜಡವಾದವೊಂದೇ ಮೂಲವೆನ್ನುವಂತಿಲ್ಲ. ಮಹಾವೀರನ ಪ್ರಶ್ನೆಯಿಂದ ಸ್ವಾತಂತ್ರ್ಯವು ಸಿದ್ಧವಾಯಿತೆಂದೂ ನಾವು ಹೇಳಲಾರೆವು. ಅದನ್ನು ಬಾಯಲ್ಲಿ ಅಲ್ಲಗಳೆದವನು ಮನೆಯಲ್ಲಿ ಹಾಗೆ ಬಾಳಲಾರನೆಂಬಷ್ಟು ಸಿದ್ಧವಾಯಿತು; ಅದೇನೂ ಅಲ್ಪವಲ್ಲ.

1927ರಲ್ಲಿ ಹೈಸೆನ್‌ಬರ್ಗನು ಅನಿಶ್ಚಿತತೆಯ ತತ್ತ್ವವನ್ನು ಪ್ರಕಟಿಸಿದಂದಿನಿಂದ, ಅಣುವಿನಲ್ಲಿಯೇ ಸ್ವಾತಂತ್ರ್ಯವನ್ನು ಹುಡುಕುವವರುಂಟು. ಯದೃಚ್ಛೆಯು ಸ್ವೇಚ್ಛೆಯಲ್ಲ; ದಾಳವು ಆರಕ್ಕೆ ಬಿದ್ದುದು ಅದರ ಸಂಕಲ್ಪದಿಂದಲ್ಲ.

ಸೇಶ್ವರವಾದಿಗಳ ಸ್ಥಿತಿಯಾದರೂ ನಿಶ್ಚಿಂತವೆ? ಮಧ್ವಾಚಾರ್ಯರ ಮತದಲ್ಲಿ ಸ್ವತಂತ್ರತತ್ತ್ವವು ಶ್ರೀಹರಿಯೊಬ್ಬನೇ; ಜೀವನ ಕರ್ತೃತ್ವವು ಅವನಧೀನ. ದೇವರನ್ನೊಪ್ಪಿದ ಮಾತ್ರದಿಂದ ಇಚ್ಛಾಸ್ವಾತಂತ್ರ್ಯವು ಕೈಸೇರುವುದಿಲ್ಲವೆಂದು ಇದರಿಂದ ತಿಳಿಯತಕ್ಕದ್ದು.

ಜೈನರ ಪಕ್ಷದಲ್ಲಿ ಒಂದು ತೊಡಕು ಉಳಿದಿರುವುದು. ರೂಪವಿಲ್ಲದ ಜೀವನಿಗೆ ರೂಪವುಳ್ಳ ಕರ್ಮವು ಅಂಟಿಕೊಳ್ಳುವುದೆಂತು? ಬಂಧವು ಅನಾದಿ ಎಂಬ ಅವರ ಉತ್ತರವು ಎಂದಿನಿಂದ ಎಂಬುದಕ್ಕೆ ಸಲ್ಲುವುದು, ಹೇಗೆ ಎಂಬುದಕ್ಕೆ ಸಲ್ಲದು. 1643ರಲ್ಲಿ ಬೊಹೀಮಿಯಾದ ರಾಜಪುತ್ರಿ ಎಲಿಜಬೆತ್ತಳು ತತ್ತ್ವಜ್ಞನಾದ ದೆಕಾರ್ತನಿಗೆ ಪತ್ರ ಬರೆದು, ದೇಹವಿಲ್ಲದ ಆತ್ಮವು ದೇಹವನ್ನು ಚಲಿಸುವುದೆಂತೆಂದು ಕೇಳಿದಳು. ದೆಕಾರ್ತನು ದೇವರನ್ನು ಪ್ರಮಾಣಪೂರ್ವಕವಾಗಿ ಸ್ಥಾಪಿಸಹೊರಟವನು. ಆದರೂ ಅವನ ಉತ್ತರದಿಂದ ರಾಜಪುತ್ರಿಗೆ ಸಮಾಧಾನವಾಗಲಿಲ್ಲ.