ನಾವೇ ಎಳೆದುಕೊಂಡ ಗೆರೆಗಳು

ಮನುಷ್ಯನ ಬಾಳನ್ನು ಕಿರಿದುಮಾಡತಕ್ಕ ನಿರ್ಬಂಧಗಳಲ್ಲಿ ಕೆಲವು ಅರಸರೂ ಅಧಿಕಾರಿಗಳೂ ವಿಧಿಸಿದವು, ಕೆಲವು ಬಡತನವೂ ವ್ಯಾಧಿಯೂ ತಂದೊಡ್ಡಿದವು. ಆದರೆ ಕೀಳಲಾರದಂತೆ ಬೇರುಬಿಟ್ಟು ನಿಲ್ಲತಕ್ಕವು "ಇದು ನಮ್ಮಂಥವರ ಪಾಲಿನದಲ್ಲ" ಎಂದು ಆತನ ಅಂತರಂಗವೇ ಸದ್ದಿಲ್ಲದೆ ಒಪ್ಪಿಕೊಂಡವು. ವಯಸ್ಸಾಯಿತು, ನಮ್ಮ ಕುಲದಲ್ಲಿ ಹಾಗೆ ನಡೆದದ್ದಿಲ್ಲ, ನಾವು ಹಳ್ಳಿಯವರು ಎಂಬ ಮಾತುಗಳನ್ನು ಮೊದಲು ಅನ್ಯರು ಆಡಿರುತ್ತಾರೆ. ನಾವು ಅವುಗಳನ್ನು ಒರೆಗೆ ಹಚ್ಚಿ ನೋಡದೆ, ಸ್ವಂತದ ವಿವೇಕವೆಂದೇ ಭಾವಿಸಿ, ಆಯುಷ್ಯವೆಲ್ಲ ಪಾಲಿಸಿಕೊಂಡು ಬರುತ್ತೇವೆ.

ಹೊಸೂರಿಗೆ ಸಮೀಪದ ತೊರಪಳ್ಳಿಯಲ್ಲಿ, ಕನ್ನಡ, ತೆಲುಗು, ತಮಿಳುಗಳು ಒಂದೇ ಸಂತೆಯಲ್ಲಿ ಕಲೆತು ಕೇಳಿಬರುವ ಆ ಸೀಮೆಯಲ್ಲಿ, ಗ್ರಾಮ ಮುನಸೀಫರ ಮಗನಾಗಿ 1878ರ ಡಿಸೆಂಬರ್ 10ರಂದು ಜನಿಸಿದ ಚಕ್ರವರ್ತಿ ರಾಜಗೋಪಾಲಾಚಾರಿಯವರ, ಅಂದರೆ ರಾಜಾಜಿಯವರ, ಬಾಳನ್ನು ಈ ದೃಷ್ಟಿಯಿಂದ ಓದಿದರೆ ಬಹಳ ತಿಳಿಯುತ್ತದೆ. ಹೊಸೂರಿನ ಶಾಲೆಯಲ್ಲಿಯೂ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿಯೂ ಓದಿ, ಮದರಾಸಿನಲ್ಲಿ ಕಾನೂನು ಕಲಿತು, ಸೇಲಂ ಪಟ್ಟಣದಲ್ಲಿ ಹೆಸರುವಾಸಿಯಾದ ವಕೀಲರಾಗಿದ್ದ ಅವರು ಅಷ್ಟಕ್ಕೇ ತೃಪ್ತರಾಗಿ ನಿಂತಿದ್ದರೂ ಯಾರೂ ಆಕ್ಷೇಪಿಸುತ್ತಿರಲಿಲ್ಲ.

ಅವರು ನಿಲ್ಲಲಿಲ್ಲ. 1917ರಲ್ಲಿ ಸೇಲಂ ಪುರಸಭೆಯ ಅಧ್ಯಕ್ಷರಾದ ಮೇಲೆ, ಅಗ್ರಹಾರಕ್ಕೆ ನೀರು ಬಿಡತಕ್ಕ ಕೆಲಸವನ್ನು ಅಸ್ಪೃಶ್ಯರೆಂದು ದೂರವಿಡಲ್ಪಟ್ಟಿದ್ದವರಲ್ಲೊಬ್ಬರಿಗೆ ವಹಿಸಿಕೊಡಲಾಯಿತು. ಕೊಳಾಯಿಯ ತಿರುಪನ್ನು ಯಾರ ಕೈ ತಿರುಗಿಸಿದರೇನು, ಹರಿದು ಬರುವುದು ಅದೇ ನೀರಲ್ಲವೆ? ಇಷ್ಟು ಸರಳವಾದ ಸಂಗತಿಗೆ ಅಗ್ರಹಾರವೆಲ್ಲ ಕುದಿಯಿತು. ಇಲ್ಲಿ ಅಳಿಸಬೇಕಾಗಿದ್ದ ಗೆರೆ ಪರರದಲ್ಲ, ರಾಜಾಜಿಯವರು ಹುಟ್ಟಿ ಬೆಳೆದ ಆಚಾರದ್ದೇ. ಅದನ್ನು ಅಳಿಸಹೊರಟವನು ಬಂಧುಗಳ ಮುನಿಸನ್ನೂ ತನ್ನೊಳಗಿನ ಹಳೆಯ ಅಭ್ಯಾಸವನ್ನೂ ಏಕಕಾಲದಲ್ಲಿ ಎದುರಿಸಬೇಕಾಗುತ್ತದೆ. 1933ರಲ್ಲಿ, ವರ್ಣಭೇದವನ್ನು ಮೀರಿ, ಅವರ ಮಗಳು ಲಕ್ಷ್ಮಿ ಗಾಂಧೀಜಿಯವರ ಮಗ ದೇವದಾಸರನ್ನು ಪುಣೆಯಲ್ಲಿ ವಿವಾಹವಾದಳು.

ವಯಸ್ಸಿನ ಗೆರೆಯ ಮಾತಂತೂ ಇನ್ನೂ ಅದ್ಭುತ. ಗವರ್ನರ್ ಜನರಲ್ ಪದವಿಯನ್ನೂ ಮುಖ್ಯಮಂತ್ರಿ ಪದವಿಯನ್ನೂ ಕಂಡು, 1954ರಲ್ಲಿ ಭಾರತರತ್ನವನ್ನೂ ಪಡೆದ ವೃದ್ಧರೊಬ್ಬರು ರಾಮಾಯಣ ಮಹಾಭಾರತಗಳನ್ನು ಬರೆದುಕೊಂಡು ಶಾಂತವಾಗಿ ಕಾಲ ಕಳೆಯುವರೆಂದು ಲೋಕ ಎಣಿಸಿದ್ದಾಗ, 1959ರಲ್ಲಿ, ಎಂಬತ್ತರ ವಯಸ್ಸಿನಲ್ಲಿ, ಅವರು ಸ್ವತಂತ್ರ ಪಕ್ಷವನ್ನು ಸ್ಥಾಪಿಸಿದರು. 1962ರಲ್ಲಿ ಅಣ್ವಸ್ತ್ರ ಪರೀಕ್ಷೆಗಳನ್ನು ನಿಲ್ಲಿಸಬೇಕೆಂದು ಕೇಳಲು ಗಾಂಧಿ ಶಾಂತಿ ಪ್ರತಿಷ್ಠಾನದ ನಿಯೋಗದೊಡನೆ ಅಮೆರಿಕಕ್ಕೆ ಹೊರಟರು. ಜತೆಗಿದ್ದವರು ನಮ್ಮ ರಂಗನಾಥ ದಿವಾಕರರು ಮತ್ತು ಬಿ. ಶಿವರಾವ್. ಪಾಶ್ಚಾತ್ಯ ದೇಶವೊಂದರ ನೆಲವನ್ನು ರಾಜಾಜಿ ಮೆಟ್ಟಿದ್ದು ಅದೇ ಮೊದಲು. ಆಗ ಅವರಿಗೆ ಎಂಬತ್ತಮೂರು ತುಂಬಿತ್ತು. ಅಧ್ಯಕ್ಷ ಕೆನೆಡಿಯವರು ಗೊತ್ತುಮಾಡಿದ್ದ ಅಲ್ಪ ಸಮಯವನ್ನು ಮೀರಿ ಒಂದು ಗಂಟೆಗೂ ಹೆಚ್ಚು ಕಾಲ ಅವರ ಮಾತಿಗೆ ಕಿವಿಗೊಟ್ಟರು.

ಇಷ್ಟಾದರೂ, ತನ್ನ ಗೆರೆಗಳನ್ನು ಅಳಿಸಬಲ್ಲವನು ಪರರ ಗೆರೆಗಳನ್ನೂ ಅಷ್ಟೇ ಸ್ಪಷ್ಟವಾಗಿ ಕಾಣುವನೆಂಬ ಭರವಸೆಯಿಲ್ಲ. 1953ರಲ್ಲಿ, ಶಾಲೆಗಳೂ ಉಪಾಧ್ಯಾಯರೂ ಸಾಲದೆಂಬ ಕಾರಣದಿಂದ, ಮದರಾಸು ರಾಜ್ಯದ ಹಳ್ಳಿಗಳ ಮಕ್ಕಳು ಅರ್ಧ ದಿನ ಪಾಠ ಕಲಿತು ಉಳಿದರ್ಧ ದಿನ ತಂದೆಯ ಕಸುಬನ್ನು ಅಭ್ಯಾಸಮಾಡಲೆಂದು ರಾಜಾಜಿ ಯೋಜನೆಯೊಂದನ್ನು ತಂದರು. ಸದುದ್ದೇಶವೇ ಇದ್ದಿರಬಹುದು. ಆದರೆ ಮುನಸೀಫರ ಮಗ ಗವರ್ನರ್ ಜನರಲ್ ಆಗಬಹುದಾದರೆ ಕುಂಬಾರನ ಮಗನು ಅರ್ಧ ದಿನ ತಿಗರಿಯ ಮುಂದೆಯೇ ಏಕೆ ಕೂಡಬೇಕು? ಜನ ಅದನ್ನು ಕುಲಕಸುಬಿನ ಶಿಕ್ಷಣವೆಂದು ಕರೆದು ಪ್ರತಿಭಟಿಸಿದರು. 1954ರಲ್ಲಿ ರಾಜಾಜಿ ಅಧಿಕಾರ ಬಿಟ್ಟರು, ಅವರ ತರುವಾಯ ಬಂದ ಕಾಮರಾಜರು ಯೋಜನೆಯನ್ನು ಕೈಬಿಟ್ಟರು. ಜನರ ಆ ಪ್ರತಿಭಟನೆ ನ್ಯಾಯವಾದದ್ದೆಂದೇ ನನ್ನ ನಂಬಿಕೆ. ಮಗುವಿನ ಮನಸ್ಸಿನೊಳಗೆ ಗೆರೆ ಮೂಡುವುದು ಹೀಗೆಯೇ. ಮೊದಲು ವೇಳಾಪಟ್ಟಿಯಲ್ಲಿ, ಅನಂತರ ಮನೆಯವರ ಮಾತಿನಲ್ಲಿ, ಕಡೆಗೆ ತನ್ನ ಬಾಯಲ್ಲಿಯೇ.

"ನಾವು ಹಳ್ಳಿಯವರು" ಎಂಬ ಗೆರೆಯೂ ಅಳಿಯಬಲ್ಲದು. ಮೂರು ದಶಕಗಳ ಮೇಲೆ ಅದೇ ಹೊಸೂರಿನಲ್ಲಿ ಟೈಟಾನ್ ಕೈಗಡಿಯಾರದ ಕಾರ್ಖಾನೆ ಎದ್ದಾಗ, ನುರಿತ ಕೆಲಸಗಾರರನ್ನು ದೂರದಿಂದ ಕರೆತರುವುದಕ್ಕೆ ಬದಲಾಗಿ, ಆಗತಾನೆ ಶಾಲೆ ಮುಗಿಸಿದ ಗ್ರಾಮಾಂತರದ ಹುಡುಗ ಹುಡುಗಿಯರನ್ನೇ ಆರಿಸಿ ಕಲಿಸಿದರು. ಬೇಸಾಯದ ಮನೆಗಳಿಂದ ಬಂದ ಆ ಮಕ್ಕಳು ಚಿಮಟದ ತುದಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತಿರುಪುಗಳನ್ನು ಹಿಡಿದು ಕೂರಿಸುವುದನ್ನು ಅಭ್ಯಾಸಮಾಡಿದರು. ಅತಿ ತೆಳುವಾದ, ಆದರೂ ನೀರು ಒಳಹೊಗದಂಥ ಗಡಿಯಾರವನ್ನು ಮಾಡಬೇಕೆಂಬ ಸಂಕಲ್ಪವನ್ನು ಸಂಸ್ಥೆ ಕೈಗೊಂಡಾಗ ಆ ವಿದ್ಯೆಯ ತವರೆನಿಸಿದ ಸ್ವಿಟ್ಜರ್ಲೆಂಡಿನ ತಜ್ಞರು ಅದು ಆಗುವ ಕೆಲಸವಲ್ಲವೆಂದಿದ್ದರು. ವರ್ಷಗಳ ಪರಿಶ್ರಮದ ತರುವಾಯ, 2002ರಲ್ಲಿ, 'ಎಡ್ಜ್' ಎಂಬ ಹೆಸರಿನ ಆ ಗಡಿಯಾರ ಪೇಟೆಗೆ ಬಂದಿತು. ಒಳಗಿನ ಯಂತ್ರದ ದಪ್ಪ 1.15 ಮಿಲಿಮೀಟರ್, ಮೇಲಿನ ಗಾಜೂ ಹಿಂಬದಿಯ ಮುಚ್ಚಳವೂ ಸೇರಿ ಇಡೀ ಗಡಿಯಾರದ ದಪ್ಪ 3.5 ಮಿಲಿಮೀಟರ್.