ಇದೆಲ್ಲಾ ಬರಕೊಂಡು ಯಾರಿಗಿ ಕೊಡ್ತೀರಿ?

ಪವಾಯಿಯ ಆಫೀಸಿನಲ್ಲಿ ವಾರಕ್ಕೆ ಐದು ದಿನ ನನ್ನ ಕೆಲಸವೆಂದರೆ ಗಿರಾಕಿ ಹೇಳುವುದನ್ನು ಕೇಳಿ, ಬರೆದುಕೊಂಡು, ಅದನ್ನು ಸಾಫ್ಟ್‌ವೇರ್ ಆಗಿಸುವುದು. ಎಂ.ಟೆಕ್‌ನ ಎರಡು ವರ್ಷದಲ್ಲಿ ಯಾರೂ ಹೇಳಿಕೊಡದ ಒಂದು ಪಾಠವನ್ನು ಈ ಕೆಲಸ ಕಲಿಸಿದೆ. ಗಿರಾಕಿಯ ಮಾತನ್ನು ಮೊದಲು ಅವನ ಮಾತಿನಲ್ಲೇ ಬರೆದಿಟ್ಟುಕೊಳ್ಳಬೇಕು. ನಮ್ಮ ಪರಿಭಾಷೆಗೆ ತಿರುಗಿಸಿ ಬರೆದುಕೊಂಡರೆ ಆರು ತಿಂಗಳ ನಂತರ ತಯಾರಾಗುವುದು ನಮಗೆ ತೋಚಿದ ವಸ್ತು, ಅವನಿಗೆ ಬೇಕಾಗಿದ್ದದ್ದಲ್ಲ.

ಕಳೆದ ಬೇಸಿಗೆಯಿಂದ ಈ ಕೆಲಸ ಭಾನುವಾರಕ್ಕೂ ಅಂಟಿಕೊಂಡಿದೆ. ಭಾಂಡುಪ್, ಮುಲುಂಡ್ ಕಡೆಯ ಕಾಲೇಜು ಮತ್ತು ಐಟಿಐ ವಿದ್ಯಾರ್ಥಿಗಳ ಒಂದು ಸಣ್ಣ ಗುಂಪು. ಹದಿನೈದರಿಂದ ಇಪ್ಪತ್ತೈದು ವಯಸ್ಸಿನವರು ಬಿಸಿಲು, ಮಳೆ, ನೀರು, ಕೆಲಸದ ಬಗ್ಗೆ ಏನು ಹೇಳುತ್ತಾರೆ ಎಂದು ಬರೆದು, ಆ ದಾಖಲೆಯನ್ನು ಪಾಲಿಕೆಗೆ ಮುಟ್ಟಿಸಬೇಕೆಂಬುದು ಅವರ ಆಸೆ. ಅವರಿಗೆ ಡೇಟಾ ನೋಡಿಕೊಳ್ಳುವ ಒಬ್ಬರು ಬೇಕಿತ್ತು. ಅದಕ್ಕಿಂತ ಮುಖ್ಯವಾಗಿ ಕನ್ನಡ ಬಲ್ಲವರೊಬ್ಬರು ಬೇಕಿತ್ತು.

ಮುಂಬೈಯಲ್ಲಿ ಕನ್ನಡಕ್ಕೇನು ಕೆಲಸ ಎಂದು ಊರಿನವರು ಕೇಳುತ್ತಾರೆ. ಮುಂಬೈ ಕನ್ನಡಿಗ ಎಂದರೆ ನಮ್ಮ ಕಣ್ಣಿಗೆ ಬರುವುದು ಉಡುಪಿ ಹೋಟೆಲು, ಫೋರ್ಟಿನ ರಾತ್ರಿ ಶಾಲೆ, ಬ್ಯಾಂಕಿನ ನೌಕರಿ. ಆದರೆ ಬೆಳಿಗ್ಗೆ ಏಳಕ್ಕೆ ಉಪನಗರಗಳ ಯಾವುದಾದರೂ ಕೂಲಿ ನಾಕಾಕ್ಕೆ ಬನ್ನಿ. ಯಾದಗಿರಿ, ಕಲಬುರಗಿ, ವಿಜಯಪುರದ ಕನ್ನಡ ಕಿವಿಗೆ ಬೀಳುತ್ತದೆ. ಮೇಸ್ತ್ರಿ ಬಂದು ಕರೆದುಕೊಂಡು ಹೋಗುವವರೆಗೆ ಅವರು ಅಲ್ಲೇ ನಿಂತಿರುತ್ತಾರೆ. ಅವರಲ್ಲಿ ಅರ್ಧಕ್ಕರ್ಧ ಜನ ಇಪ್ಪತ್ತೈದು ದಾಟದವರಂತೆ ಕಾಣುತ್ತಾರೆ.

ಗುಂಪಿನ ಕೈಯಲ್ಲಿದ್ದ ಪ್ರಶ್ನಾವಳಿ ಎಲ್ಲಿಂದಲೋ ಸಿದ್ಧವಾಗಿ ಬಂದದ್ದು. ಮೊದಲ ಪ್ರಶ್ನೆಯೇ, ‘ಹವಾಮಾನ ಬದಲಾವಣೆಯ ಬಗ್ಗೆ ನಿಮಗೆಷ್ಟು ಆತಂಕವಿದೆ? 1ರಿಂದ 5ರವರೆಗೆ ಅಂಕ ಕೊಡಿ.’ ಯಾದಗಿರಿ ಕಡೆಯ ಹತ್ತೊಂಬತ್ತರ ಹುಡುಗನೊಬ್ಬನಿಗೆ ಇದನ್ನು ಕನ್ನಡದಲ್ಲಿ ಕೇಳಿದೆ.

“ಹಂಗಂದ್ರೇನ್ರಿ ಸರ? ಟಿವ್ಯಾಗ ಬರ್ತದಲ್ಲ, ಅದಾ? ಎರಡು ಹಾಕ್ರಿ.”

ಎರಡು ಹಾಕಿಕೊಂಡು ಮುಂದಿನವನ ಹತ್ತಿರ ಹೋಗಿದ್ದರೆ ಅವನು ‘ಆತಂಕ ಕಡಿಮೆ’ ಎಂಬ ಗುಂಪಿಗೆ ಸೇರುತ್ತಿದ್ದ. ಪ್ರಶ್ನಾವಳಿ ಮಡಿಚಿಟ್ಟು, ಈ ವರ್ಷ ಬಿಸಿಲು ಹೇಗಿತ್ತಪ್ಪ ಎಂದೆ. ಆಗ ಬಾಯಿ ಬಿಚ್ಚಿದ.

“ಬಿಸಿಲಿಗಿ ನಾವು ಅಂಜಂಗಿಲ್ರಿ. ನಮ್ಮೂರಾಗ ಇದಕಿಂತ ಜಾಸ್ತಿ ಬಿಸಿಲು ಅದ. ಆದ್ರ ಅಲ್ಲಿ ರಾತ್ರಿ ಅಂಗಳದಾಗ ಮಕ್ಕೊಂಡ್ರ ಗಾಳಿ ಬರ್ತದ. ಇಲ್ಲಿ ಪತ್ರಾಸಿನ ಖೋಲಿಯಾಗ ಎಂಟು ಮಂದಿ ಇದೀವಿ. ರಾತ್ರಿಪೂರಾ ಬೆವರು. ನಿದ್ದಿ ಇಲ್ಲದ ಮುಂಜಾನಿ ಸ್ಲ್ಯಾಬಿಗಿ ಹೋದ್ರ ತಲಿ ತಿರಗತದ. ಮಧ್ಯಾಹ್ನ ಎರಡು ತಾಸು ಬಿಡ್ರಿ ಅಂದ್ರ ಮೇಸ್ತ್ರಿ ಅರ್ಧ ಪಗಾರ ಮುರಕೋತಾನ.”

ಇದರಲ್ಲಿ ನೀತಿ ರೂಪಿಸುವವರಿಗೆ ಎಷ್ಟು ಸಂಗತಿಗಳಿವೆ ನೋಡಿ. ಕರಾವಳಿಯಲ್ಲಿ ಗರಿಷ್ಠ ಉಷ್ಣಾಂಶ 37 ಡಿಗ್ರಿ ಮುಟ್ಟಿ, ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಾದಾಗ ಹವಾಮಾನ ಇಲಾಖೆ ಬಿಸಿಗಾಳಿ ಎಂದು ಘೋಷಿಸುತ್ತದೆ. ಅದು ಹಗಲಿನ ಲೆಕ್ಕ. ಮುಂಬೈಯ ಗಾಳಿಯಲ್ಲಿ ತೇವ ಹೆಚ್ಚು, ಬೆವರು ಆರುವುದಿಲ್ಲ. ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ಹಗಲೆಲ್ಲ ಕಾದ ತಗಡಿನ ಕೋಣೆಯಲ್ಲಿ ರಾತ್ರಿಯೂ ತಣಿಯದಿದ್ದರೆ ಮರುದಿನದ ದುಡಿಮೆ ಅಪಾಯಕ್ಕೆ ಬರುತ್ತದೆ. ಮಧ್ಯಾಹ್ನದ ಉರಿಬಿಸಿಲಿನಲ್ಲಿ ಹೊರಗೆ ದುಡಿಯಬೇಡಿ ಎಂದು ಸರ್ಕಾರದ ಸೂಚನೆಗಳು ಪ್ರತಿ ಬೇಸಿಗೆಯಲ್ಲೂ ಬರುತ್ತವೆ. ಆ ಎರಡು ತಾಸಿನ ಕೂಲಿಯನ್ನು ಯಾರು ಕೊಡಬೇಕೆಂಬ ಪ್ರಶ್ನೆಯನ್ನು ಈ ಹುಡುಗ ಎತ್ತಿದ. ‘ಎರಡು’ ಎಂಬ ಅಂಕದಲ್ಲಿ ಇದು ಯಾವುದೂ ಕಾಣುವುದಿಲ್ಲ.

ಅಂಕಗಳ ಸಮೀಕ್ಷೆಯೇ ದಂಡ ಎನ್ನುತ್ತಿಲ್ಲ. 2021ರಲ್ಲಿ ‘ಲ್ಯಾನ್ಸೆಟ್ ಪ್ಲಾನೆಟರಿ ಹೆಲ್ತ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ಭಾರತವೂ ಸೇರಿ ಹತ್ತು ದೇಶಗಳ, 16ರಿಂದ 25 ವರ್ಷದ 10,000 ಯುವಜನರನ್ನು ಆನ್‌ಲೈನಿನಲ್ಲಿ ಕೇಳಿತ್ತು. ತೀವ್ರ ಅಥವಾ ಅತಿ ತೀವ್ರ ಆತಂಕವಿದೆ ಎಂದವರು ಶೇ 59. ಸರ್ಕಾರಗಳ ಮುಂದೆ ಇಡಲು ಅಂಥ ಸಂಖ್ಯೆಯೂ ಬೇಕು. ಆದರೆ ನಾಕಾದ ಹುಡುಗ ಅಂಥ ಸಮೀಕ್ಷೆಯೊಳಗೆ ಬರುವುದು ಕಷ್ಟ. ಬಂದರೂ ಎರಡು ಹಾಕಿ ಹೋಗುತ್ತಾನೆ.

ಮುಂಬೈಯ ಹವಾಮಾನ ಕ್ರಿಯಾ ಯೋಜನೆ ಬಿಡುಗಡೆಯಾದದ್ದು 2022ರ ಮಾರ್ಚ್ 13ರಂದು. ಅದಕ್ಕೆ ಮೊದಲು, 2021ರ ಸೆಪ್ಟೆಂಬರ್‌ನಲ್ಲಿ, ಸಾರ್ವಜನಿಕರಿಂದ ಸಲಹೆ ಕೇಳಿದ್ದರು. 2019ರಲ್ಲಿ ನಗರ ಹೊರಸೂಸಿದ ಹಸಿರುಮನೆ ಅನಿಲ 23.42 ದಶಲಕ್ಷ ಟನ್, ಅದರಲ್ಲಿ ಶೇ 72ರಷ್ಟು ವಿದ್ಯುತ್ತು, ಇಂಧನದಿಂದ ಎಂದು ಯೋಜನೆ ಲೆಕ್ಕ ಹಾಕಿದೆ. 2050ಕ್ಕೆ ನಿವ್ವಳ ಶೂನ್ಯ ಅದರ ಗುರಿ. ಒಳ್ಳೆಯ ದಾಖಲೆ, ನಾನು ಕುಳಿತು ಓದಿದ್ದೇನೆ. 2024ರ ಜೂನ್‌ನಲ್ಲಿ ಪಾಲಿಕೆ ತನ್ನ ಮೊದಲ ಹವಾಮಾನ ಬಜೆಟ್ ವರದಿಯನ್ನೂ ತಂದಿತು. ಹತ್ತು ಸಾವಿರ ಕೋಟಿ ರೂಪಾಯಿಗೂ ಹೆಚ್ಚಿನ ಕಾಮಗಾರಿಗಳನ್ನು ಹವಾಮಾನದ ಲೆಕ್ಕಕ್ಕೆ ಗುರುತಿಸಿತು. ನಮ್ಮ ಬೆಂಗಳೂರಿನ ಯೋಜನೆ ಬಂದದ್ದು 2023ರ ನವೆಂಬರ್‌ನಲ್ಲಿ. ಅಂದರೆ ಕಾಗದದ ಮೇಲೆ ಯೋಜನೆಯೂ ಇದೆ, ಹಣದ ತಲೆಬರಹವೂ ಇದೆ.

ಟನ್ ಲೆಕ್ಕವನ್ನು ತಜ್ಞರೇ ಮಾಡಬೇಕು, ಅದನ್ನು ನಾಕಾದಲ್ಲಿ ಕೇಳಿ ತಿಳಿಯಲಾಗದು. ನನ್ನ ಸಹೋದ್ಯೋಗಿಯೊಬ್ಬ ಈ ವಾದವನ್ನು ಹಿಡಿದುಕೊಂಡು, “ಉಪಗ್ರಹದ ಚಿತ್ರ ಇರುವಾಗ ನಿಮ್ಮ ಭಾನುವಾರದ ಕಥೆಗಳು ಯಾಕೆ ಬೇಕು ಮಾರಾಯ?” ಎಂದು ರೇಗಿಸುತ್ತಾನೆ. ಭಾಂಡುಪಿನ ಗುಡ್ಡದಂಚಿನ ಬಸ್ತಿಯ ಹುಡುಗಿಯೊಬ್ಬಳ ಮಾತನ್ನು ಅವನಿಗೆ ಓದಿ ಹೇಳಿದೆ.

2021ರ ಜುಲೈ 18ರ ನಸುಕಿನಲ್ಲಿ ಚೆಂಬೂರಿನ ವಾಶಿನಾಕಾ, ವಿಕ್ರೋಳಿಯ ಸೂರ್ಯನಗರಗಳಲ್ಲಿ ಮಳೆಗೆ ಗೋಡೆ, ಗುಡ್ಡ ಕುಸಿದು ಇಪ್ಪತ್ತೈದಕ್ಕೂ ಹೆಚ್ಚು ಜನ ಮಲಗಿದ್ದಲ್ಲೇ ಸತ್ತರು. ಅದೇ ರಾತ್ರಿ ಭಾಂಡುಪಿನ ನೀರು ಶುದ್ಧೀಕರಣ ಘಟಕಕ್ಕೂ ನೀರು ನುಗ್ಗಿ ಮುಂಬೈಯ ಬಹುಭಾಗಕ್ಕೆ ನಲ್ಲಿ ನೀರು ನಿಂತಿತ್ತು. ಆಗ ಈ ಹುಡುಗಿ ಶಾಲೆಯಲ್ಲಿದ್ದಳು, ಈಗ ಡಿಪ್ಲೊಮಾ ಓದುತ್ತಿದ್ದಾಳೆ. ಅಂದಿನಿಂದ ಜೋರು ಮಳೆಯ ರಾತ್ರಿ ಅವರ ಮನೆಯಲ್ಲಿ ಪಾಳಿ ಇದೆ. ಹನ್ನೆರಡರಿಂದ ಎರಡರವರೆಗೆ ಅಮ್ಮ, ಎರಡರಿಂದ ನಾಲ್ಕರವರೆಗೆ ಇವಳು, ಆಮೇಲೆ ಅಪ್ಪ. ಮಾರ್ಕ್ಸ್‌ಕಾರ್ಡು, ಆಧಾರ್, ರೇಷನ್ ಕಾರ್ಡುಗಳೆಲ್ಲ ಪ್ಲಾಸ್ಟಿಕ್ ಚೀಲದಲ್ಲಿ ಬಾಗಿಲ ಮೊಳೆಗೆ ನೇತಾಡುತ್ತಿರುತ್ತವೆ. ಮರುದಿನ ಪರೀಕ್ಷೆಯಿದ್ದರೂ ಪಾಳಿ ತಪ್ಪುವುದಿಲ್ಲ. ತಡೆಗೋಡೆ ಬೇಕೇ ಎಂದು ಕೇಳಿದರೆ, ಅದು ಯಾವಾಗ ಬರುತ್ತದೋ, ಮೊದಲು ರಾತ್ರಿ ಒಂದು ಗಂಟೆಗೆ ಓಡಿದರೆ ಬೀಗ ತೆಗೆದಿರುವ ಒಂದು ಶಾಲೆ ಬೇಕು, ಕೀಲಿ ಯಾರ ಹತ್ತಿರ ಇದೆ ಎಂದು ಬೋರ್ಡಿನಲ್ಲಿ ಬರೆದಿರಬೇಕು ಎಂದಳು. ಉಪಗ್ರಹದ ಚಿತ್ರದಲ್ಲಿ ಶಾಲೆ ಕಾಣುತ್ತದೆ. ಅದಕ್ಕೆ ಬೀಗ ಹಾಕಿರುವುದು ಕಾಣುವುದಿಲ್ಲ. ಸಹೋದ್ಯೋಗಿ ಆಮೇಲೆ ಆ ಮಾತು ಎತ್ತಿಲ್ಲ. ಒಪ್ಪಿದ ಎಂದೂ ಹೇಳಿಲ್ಲ.

ನಮ್ಮೊಳಗೂ ಜಗಳಗಳಿವೆ. ನಾಲೆಯಲ್ಲಿ ಪ್ಲಾಸ್ಟಿಕ್ ತುಂಬಿ ಮನೆಗೆ ನೀರು ಬಂದರೆ ಅದು ಹವಾಮಾನ ಬದಲಾವಣೆಯೇ? ಎಲ್ಲ ಕಷ್ಟಕ್ಕೂ ಈ ಹಣೆಪಟ್ಟಿ ಹಚ್ಚಿದರೆ ಹೂಳು ತೆಗೆಯದ ಗುತ್ತಿಗೆದಾರ ಬಚಾವಾಗುತ್ತಾನೆ ಎಂಬುದು ನನ್ನ ವಾದ. ಮಳೆ ಸುರಿಯುವ ರೀತಿ ಬದಲಾಗಿದೆ, ಹಳೆಯ ನಾಲೆ ಹೊಸ ಮಳೆಗೆ ಸಾಲದು ಎಂಬುದು ಹುಡುಗರ ವಾದ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಬಿದ್ದದ್ದು ಅವರು ಹುಟ್ಟುವ ಮೊದಲು ಅಥವಾ ತೊಟ್ಟಿಲಲ್ಲಿದ್ದಾಗ. ಆದರೂ ಆ ಸಂಖ್ಯೆ ಇಲ್ಲಿನ ಮಕ್ಕಳಿಗೆ ಮಗ್ಗಿಯಂತೆ ಬಾಯಿಪಾಠ. ಕೊನೆಗೆ ಕಾರಣವನ್ನು ನಾವು ಬರೆಯುವುದು ಬೇಡ, ಆದದ್ದನ್ನು ಮಾತ್ರ ದಿನಾಂಕ, ಜಾಗದ ಸಮೇತ ಬರೆಯೋಣ ಎಂದು ರಾಜಿಯಾದೆವು.

ಭಾಷೆಯ ವಿಷಯಕ್ಕೆ ಬಂದರೆ ನಮ್ಮ ಹೈಕೋರ್ಟಿನ ಒಂದು ಪ್ರಸಂಗ ನೆನಪಾಗುತ್ತದೆ. 2020ರಲ್ಲಿ ಕೇಂದ್ರ ಸರ್ಕಾರ ಪರಿಸರ ಪರಿಣಾಮ ಮೌಲ್ಯಮಾಪನದ ಹೊಸ ಕರಡು ಅಧಿಸೂಚನೆ ಹೊರಡಿಸಿ ಜನಾಭಿಪ್ರಾಯ ಕೇಳಿತು. ಕರಡು ಇದ್ದದ್ದು ಇಂಗ್ಲಿಷ್, ಹಿಂದಿಯಲ್ಲಿ. ಉಳಿದ ಭಾಷೆಗಳಿಗೂ ಅನುವಾದಿಸಿ ಎಂದು ದೆಹಲಿ ಹೈಕೋರ್ಟ್ ಹೇಳಿತು. ಆಗಸ್ಟ್‌ನಲ್ಲಿ ಕರ್ನಾಟಕ ಹೈಕೋರ್ಟ್, ಕನ್ನಡವೂ ಸೇರಿ ಸ್ಥಳೀಯ ಭಾಷೆಗಳಲ್ಲಿ ಸರಿಯಾಗಿ ಪ್ರಚಾರ ಮಾಡಿಲ್ಲವೆಂಬ ಅರ್ಜಿಯ ಮೇಲೆ ಅಂತಿಮ ಅಧಿಸೂಚನೆಗೆ ತಡೆ ಕೊಟ್ಟಿತು. ಓದಲು ಬಾರದ ಭಾಷೆಯಲ್ಲಿ ಕಾಗದ ಕೊಟ್ಟು ನಿನ್ನ ಅಭಿಪ್ರಾಯವೇನು ಎಂದರೆ ಯಾರು ಏನು ಹೇಳಿಯಾರು? ಮುಂಬೈ ಪಾಲಿಕೆ ಕನ್ನಡವೂ ಸೇರಿ ಎಂಟು ಭಾಷೆಗಳ ಮಾಧ್ಯಮದಲ್ಲಿ ಶಾಲೆ ನಡೆಸುತ್ತದೆ. ಆ ಎಂಟು ಭಾಷೆಯ ಮಕ್ಕಳ ಅಭಿಪ್ರಾಯವನ್ನೂ ಅದೇ ಎಂಟು ಭಾಷೆಗಳಲ್ಲಿ ಕೇಳಿದರೆ ತಪ್ಪೇನಿಲ್ಲ.

ಹಾಗಂತ ಕೇಳಿದ ಮಾತ್ರಕ್ಕೆ, ಲಕ್ಷ ಜನ ಹೇಳಿದ ಮಾತ್ರಕ್ಕೆ ಏನೋ ಆಗಿಬಿಡುತ್ತದೆ ಎಂದಲ್ಲ. ಆರೆ ಕಾಲನಿಯ ಮೆಟ್ರೊ ಕಾರ್‌ಶೆಡ್‌ಗಾಗಿ ಮರ ಕಡಿಯುವುದರ ವಿರುದ್ಧ 2019ರಲ್ಲಿ ಎಂಬತ್ತು ಸಾವಿರಕ್ಕೂ ಹೆಚ್ಚು ಆಕ್ಷೇಪಣೆಗಳು ಬಂದಿದ್ದವು. ಆಗಸ್ಟ್ ಕೊನೆಗೆ ಒಪ್ಪಿಗೆ ಸಿಕ್ಕಿತು. ಅಕ್ಟೋಬರ್ 4ರಂದು ಬಾಂಬೆ ಹೈಕೋರ್ಟ್ ಅರ್ಜಿಗಳನ್ನು ವಜಾ ಮಾಡಿದ ರಾತ್ರಿಯೇ ಗರಗಸ ಶುರುವಾಯಿತು. ಕಾನೂನು ವಿದ್ಯಾರ್ಥಿಯೊಬ್ಬರ ಪತ್ರವನ್ನೇ ಅರ್ಜಿಯಾಗಿ ತೆಗೆದುಕೊಂಡು 7ರಂದು ಸುಪ್ರೀಂ ಕೋರ್ಟ್ ತಡೆಯುವ ಹೊತ್ತಿಗೆ ಎರಡು ಸಾವಿರಕ್ಕೂ ಹೆಚ್ಚು ಮರ ನೆಲಕ್ಕುರುಳಿದ್ದವು. ಅಂದು ಅಲ್ಲಿ ನಿಂತಿದ್ದ ಹುಡುಗರಲ್ಲಿ ಒಬ್ಬಿಬ್ಬರು ಈಗ ನಮ್ಮ ಗುಂಪಿಗೆ ಹಿರಿಯರು. ಅಷ್ಟು ಸಾವಿರ ಆಕ್ಷೇಪಣೆಗಳಲ್ಲಿ ತಮ್ಮದಕ್ಕೆ ಏನು ಉತ್ತರ ಬಂತು ಎಂದು ಇವತ್ತಿಗೂ ಕೇಳುತ್ತಾರೆ.

ನಾಕಾದ ಹುಡುಗನೂ ಕೇಳಿದ್ದು ಅದನ್ನೇ. ಚಹಾ ಮುಗಿಸಿ ಎದ್ದವನು, “ಇದೆಲ್ಲಾ ಬರಕೊಂಡು ಯಾರಿಗಿ ಕೊಡ್ತೀರಿ ಸರ?” ಎಂದ. ಪಾಲಿಕೆಗೆ ಎಂದೆ. “ಪಾಲಿಕಿ ಅಂದ್ರ ಯಾರಿಗಿ?” ಎಂದ. ಸರಿಯಾದ ಪ್ರಶ್ನೆ. ಮುಂಬೈ ಪಾಲಿಕೆಯ ಚುನಾಯಿತ ಸದಸ್ಯರ ಅವಧಿ ಮುಗಿದದ್ದು 2022ರ ಮಾರ್ಚ್ 7ಕ್ಕೆ, ಹವಾಮಾನ ಯೋಜನೆ ಬಿಡುಗಡೆಯಾದದ್ದು ಅದೇ ವಾರದಲ್ಲಿ. ಆಮೇಲೆ ವರ್ಷಗಟ್ಟಲೆ ಚುನಾವಣೆಯಿಲ್ಲದೆ ಆಡಳಿತಾಧಿಕಾರಿಯೇ ನಗರ ನಡೆಸಿದರು. ಯೋಜನೆ ಹುಟ್ಟುವಾಗಲೇ ವಾರ್ಡಿನಲ್ಲಿ ಹೋಗಿ ಕೇಳಲು ಕಾರ್ಪೊರೇಟರ್ ಎಂಬುವವರು ಇರಲಿಲ್ಲ.

ಇದಕ್ಕೆ ಉತ್ತರ ಹುಡುಕುವಾಗ ನಾನು ತಿರುಗಿ ನೋಡಿದ್ದು ನಮ್ಮೂರ ಕಡೆಗೆ. ನಾನು ಕುಂದಾಪುರ ತಾಲ್ಲೂಕಿನವನು. ಅಲ್ಲಿ ತೊಂಬತ್ತರ ದಶಕದಲ್ಲೇ ‘ದಿ ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್’ ಸಂಸ್ಥೆ ಮತ್ತು ದುಡಿಯುವ ಮಕ್ಕಳ ‘ಭೀಮ ಸಂಘ’ ಸೇರಿ ಮಕ್ಕಳ ಪಂಚಾಯಿತಿ ನಡೆಸಿದ್ದವು. ಎರಡು ಸಾವಿರದ ಇಸವಿಯ ನಂತರ ಮಕ್ಕಳೇ ಮನೆಮನೆ ಸಮೀಕ್ಷೆ ಮಾಡಿ ತಮ್ಮ ಪಂಚಾಯಿತಿಗಳಿಗೆ ಪಂಚವಾರ್ಷಿಕ ಯೋಜನೆ ಬರೆದುಕೊಟ್ಟರು. 2006–07ರ ಹೊತ್ತಿಗೆ ರಾಜ್ಯ ಸರ್ಕಾರ ಎಲ್ಲ ಗ್ರಾಮ ಪಂಚಾಯಿತಿಗಳೂ ಮಕ್ಕಳ ಗ್ರಾಮಸಭೆ ನಡೆಸಬೇಕೆಂದಿತು. ಆಗ ನಾನು ಹೈಸ್ಕೂಲು. ಹವಾಮಾನ ಬದಲಾವಣೆ ಎಂಬ ಶಬ್ದ ನಮ್ಮ ಕಿವಿಗೆ ಬಿದ್ದಿರಲಿಲ್ಲ. ನಾವು ಕೇಳಿದ್ದು ಕಾಲುಸಂಕಕ್ಕೆ ಕೈತಾಂಗು, ಅಷ್ಟೇ. ಘಟ್ಟದ ಮಳೆಗೆ ತೋಡು ತುಂಬಿದರೆ ಅಡಿಕೆ ಮರದ ಸಂಕ ಜಾರುತ್ತದೆ, ಅಲ್ಲಿಗೆ ಶಾಲೆಗೆ ರಜೆ. ಕಾರ್ಯದರ್ಶಿ ನಮ್ಮ ಮಾತನ್ನೇ ರಿಜಿಸ್ಟರಿನಲ್ಲಿ ಬರೆದರು. ಮುಂದಿನ ವರ್ಷದ ಸಭೆ ಶುರುವಾದದ್ದು ಹಿಂದಿನ ವರ್ಷದ ಪುಟ ಓದುವುದರಿಂದ: ಯಾವುದು ಆಯಿತು, ಯಾವುದು ಆಗಲಿಲ್ಲ, ಯಾಕೆ ಆಗಲಿಲ್ಲ. ನಮ್ಮ ಸಂಕಕ್ಕೆ ಒಂದೇ ಬದಿಗೆ ಕೈತಾಂಗು ಬಂದಿತ್ತು.

ಮಕ್ಕಳ ಗ್ರಾಮಸಭೆ ಎಲ್ಲ ಕಡೆಯೂ ಚೆನ್ನಾಗಿ ನಡೆಯುತ್ತಿದೆ ಎನ್ನಲಾರೆ. ಎಷ್ಟೋ ಕಡೆ ಅದು ಫೋಟೊಕ್ಕೆ ನಿಂತು ಬಿಸ್ಕತ್ತು ತಿನ್ನುವ ಕಾರ್ಯಕ್ರಮ. ಆದರೆ ಹಿಂದಿನ ಪುಟ ಓದಬೇಕೆಂಬ ಆ ರೂಢಿ ದೊಡ್ಡದು. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಸಮಿತಿ 2023ರಲ್ಲಿ ಹವಾಮಾನದ ಬಗ್ಗೆ ತನ್ನ 26ನೇ ಸಾಮಾನ್ಯ ಟಿಪ್ಪಣಿ ಹೊರಡಿಸುವ ಮೊದಲು 121 ದೇಶಗಳ ಮಕ್ಕಳಿಂದ 16,331 ಅಭಿಪ್ರಾಯಗಳನ್ನು ಪಡೆದಿತ್ತು. ಅಷ್ಟು ದೊಡ್ಡ ಕೆಲಸಕ್ಕೂ ನಮ್ಮ ಪಂಚಾಯಿತಿ ರಿಜಿಸ್ಟರಿಗೂ ಹೋಲಿಕೆಯಿಲ್ಲ. ಆದರೂ ಕೇಳಿದವರು ಮರುವರ್ಷ ಅದೇ ಮಕ್ಕಳ ಮುಂದೆ ಬಂದು ನಿಲ್ಲುವುದು ಸಂಕದ ಊರಿನಲ್ಲಿ ಮಾತ್ರ ಸಾಧ್ಯ ಎನಿಸುತ್ತದೆ.

ಈಗ ನಮ್ಮ ಎಕ್ಸೆಲ್ ಹಾಳೆ ಹೀಗಿದೆ. ಹೇಳಿದವರ ಹೆಸರಿಲ್ಲ, ವಯಸ್ಸು, ಕೆಲಸ, ವಾರ್ಡು, ದಿನಾಂಕ ಇವೆ. ಆಮೇಲೆ ಹೇಳಿದ ಮಾತು, ಹೇಳಿದ ಭಾಷೆಯಲ್ಲೇ. ಪಕ್ಕದಲ್ಲಿ ಮರಾಠಿ ಅನುವಾದ, ಅನುವಾದಿಸಿದವರು ಯಾರು ಎಂಬುದು. ಅದರ ನಂತರವಷ್ಟೇ ಶಾಖ, ನೆರೆ, ನೀರು ಎಂಬ ವಿಂಗಡಣೆ. ಕೊನೆಯ ಮೂರು ಕಾಲಂ: ಯಾರಿಗೆ ಕೊಟ್ಟೆವು, ಯಾವ ದಿನ, ಏನು ಉತ್ತರ. ಆಫೀಸಿನಲ್ಲಿ ದೂರಿನ ಟಿಕೆಟ್ ಮುಚ್ಚುವಾಗ ಕಾರಣ ಬರೆಯದಿದ್ದರೆ ಸಿಸ್ಟಂ ಬಿಡುವುದಿಲ್ಲ. ಅದೇ ನಿಯಮವನ್ನು ಇಲ್ಲೂ ಹಾಕಿದ್ದೇನೆ. ಕಾಲಂ ಖಾಲಿ ಇರುವವರೆಗೆ ಆ ಸಾಲು ಕೆಂಪಾಗಿಯೇ ಇರುತ್ತದೆ.

ಸದ್ಯ ಹಾಳೆ ಹೆಚ್ಚುಕಡಿಮೆ ಪೂರ್ತಿ ಕೆಂಪು. ಎರಡು ಸಾಲು ಮಾತ್ರ ಬಣ್ಣ ಬದಲಿಸಿವೆ. ಒಂದು ಕಚೇರಿ, ‘ಇದು ನಮ್ಮ ವಿಭಾಗಕ್ಕೆ ಸಂಬಂಧಿಸಿದ್ದಲ್ಲ’ ಎಂದು ಬರೆದು ಮೊಹರು ಹಾಕಿ ಕೊಟ್ಟಿದೆ. ಇನ್ನೊಂದು, ಗುಡ್ಡದಂಚಿನ ಹುಡುಗಿ ಹೇಳಿದ ಶಾಲೆಯ ಗೇಟಿನ ಮೇಲೆ ಈಗ ಕೀಲಿ ಇಟ್ಟುಕೊಂಡವರ ಮೊಬೈಲ್ ನಂಬರು ಬರೆದಿದೆ. ಯಾರು ಬರೆಸಿದರೋ ಗೊತ್ತಿಲ್ಲ. ಕಳೆದ ಭಾನುವಾರ ಅವಳೇ ಆ ನಂಬರಿಗೆ ಫೋನು ಮಾಡಿ ನೋಡಿದಳು, ಎರಡನೇ ಸಲಕ್ಕೆ ಎತ್ತಿದರು. ಯಾದಗಿರಿಯ ಹುಡುಗ ಹಬ್ಬಕ್ಕೆ ಊರಿಗೆ ಹೋಗಿದ್ದಾನೆ. ಅವನ ಸಾಲು ಇನ್ನೂ ಕೆಂಪು. ಅವನು ವಾಪಸು ಬರುವುದರೊಳಗೆ ಆ ಮಾತನ್ನು ಕಾರ್ಮಿಕ ಇಲಾಖೆಗೂ ಒಂದು ಪ್ರತಿ ಕೊಡಬೇಕು. ಮರಾಠಿ ಅನುವಾದ ಆಗಿದೆ, ‘ತಲಿ ತಿರಗತದ’ ಎಂಬುದಕ್ಕೆ ಮಾತ್ರ ಇನ್ನೂ ಚರ್ಚೆ ನಡೆಯುತ್ತಿದೆ.