ಕೃತಕ ಶ್ರವಣ: ಮಾತು ಮತ್ತು ಸಂಗೀತ

ನಮ್ಮ ಮಾನಸಗಂಗೋತ್ರಿಯಲ್ಲಿ, 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಕಿವಿಯ ಹಿಂದೆ ಪುಟ್ಟ ಯಂತ್ರವೊಂದನ್ನೂ ಅದರ ಮೇಲ್ಗಡೆ ತಲೆಗೆ ಅಂಟಿಕೊಂಡ ನಾಣ್ಯದಗಲದ ಬಿಲ್ಲೆಯನ್ನೂ ಧರಿಸಿದ ಮಕ್ಕಳು ತಾಯಿತಂದೆಯರೊಡನೆ ಅಲ್ಲಿಗೆ ಬಂದುಹೋಗುವುದನ್ನು ವಾಚಕರಲ್ಲಿ ಹಲವರು ಕಂಡಿರಬಹುದು. ಅದು ಕಾಕ್ಲಿಯರ್ ಇಂಪ್ಲಾಂಟ್ ಎಂಬ ಸಾಧನದ ಹೊರಭಾಗ. ಅದನ್ನು ಧರಿಸಿದವರಿಗೆ ಕೇಳುವುದಾದರೂ ಏನು? ಮಾತನ್ನು ಹಿಡಿಯಬಲ್ಲ ಅದೇ ಕಿವಿಗೆ ರಾಗವು ಏಕೆ ಸಿಕ್ಕದೆ ಹೋಗುತ್ತದೆ? ವಿಷಯವು ಶ್ರವಣವಿಜ್ಞಾನದ್ದೇ ಆದರೂ, ಈ ಸಾಧನವು ಬೆಳೆದುಬಂದ ಬಗೆಯನ್ನು ನೋಡಿದ ಹೊರತು ಉತ್ತರವು ಸ್ಪಷ್ಟವಾಗದು.

ಒಳಗಿವಿಯಲ್ಲಿ, ಬಸವನಹುಳುವಿನ ಚಿಪ್ಪಿನಂತೆ ಸುಮಾರು ಎರಡೂವರೆ ಸುತ್ತು ಸುರುಳಿಗೊಂಡ ಕಾಕ್ಲಿಯಾ ಎಂಬ ಅಂಗವುಂಟು. ಸುರುಳಿಯನ್ನು ಬಿಡಿಸಿದರೆ ಅದರ ಉದ್ದ ಸುಮಾರು 35 ಮಿಲಿಮೀಟರು. ತಾರಧ್ವನಿಗಳಿಗೆ ಅದರ ಬುಡವೂ ಮಂದ್ರಧ್ವನಿಗಳಿಗೆ ತುದಿಯೂ ಸ್ಪಂದಿಸುತ್ತವೆ. ವೀಣೆಯ ಮೆಟ್ಟಿಲುಗಳಂತೆ ಒಂದೊಂದು ಧ್ವನಿಗೆ ಒಂದೊಂದು ಸ್ಥಾನವೆನ್ನಬಹುದು. ಅಲ್ಲಿನ ಒಳಸಾಲಿನ ಸುಮಾರು 3,500 ರೋಮಕೋಶಗಳು ಕಂಪನವನ್ನು ನರಸಂದೇಶವಾಗಿ ಪರಿವರ್ತಿಸಿ, ಸುಮಾರು 30,000 ನರತಂತುಗಳಿಗೆ ಒಪ್ಪಿಸುತ್ತವೆ. ಈ ಕೋಶಗಳು ನಾಶವಾದವರಿಗೆ ಧ್ವನಿಯನ್ನು ಹೆಚ್ಚಿಸುವ ಸಾಮಾನ್ಯ ಶ್ರವಣಸಾಧನದಿಂದ ಅಷ್ಟಾಗಿ ಪ್ರಯೋಜನವಾಗದು. ಇಂಪ್ಲಾಂಟಾದರೋ ಕೋಶಗಳನ್ನು ಬಿಟ್ಟು ನರವನ್ನೇ ನೇರವಾಗಿ ವಿದ್ಯುತ್ತಿನಿಂದ ಪ್ರಚೋದಿಸುತ್ತದೆ. ಇದಕ್ಕಾಗಿ ಸುರುಳಿಯೊಳಗೆ ಸೇರಿಸುವ ವಿದ್ಯುದಗ್ರಗಳು ಸಾಮಾನ್ಯವಾಗಿ 12ರಿಂದ 22. ಒಳಗಿವಿಯ ದ್ರವದಲ್ಲಿ ವಿದ್ಯುತ್ತು ಅಕ್ಕಪಕ್ಕಕ್ಕೆ ಹರಡಿಕೊಳ್ಳುವುದರಿಂದ, ನಿಜವಾಗಿ ಪ್ರತ್ಯೇಕವೆನಿಸುವ ಮಾರ್ಗಗಳು ಎಂಟರ ಆಸುಪಾಸಿನಲ್ಲಿ ನಿಲ್ಲುತ್ತವೆ. ಸಾವಿರಾರು ಕೋಶಗಳ ಕೆಲಸವನ್ನು ಎಂಟು ಮಾರ್ಗಗಳು ಮಾಡಬೇಕಾಗಿದೆಯೆಂಬುದನ್ನು ನೆನಪಿನಲ್ಲಿಡಬೇಕು.

ಕಿವಿಗೆ ವಿದ್ಯುತ್ತನ್ನು ಹಾಯಿಸಿದ ಮೊದಲಿಗರಲ್ಲಿ ಇಟಲಿಯ ವೋಲ್ಟಾ ಪ್ರಸಿದ್ಧ. 1800ರ ಸುಮಾರಿನಲ್ಲಿ ಆತನು ತನ್ನ ಕಿವಿಗಳ ಮೇಲೆಯೇ ಪ್ರಯೋಗ ಮಾಡಿ, ಗಟ್ಟಿಯಾದ ದ್ರವ್ಯವು ಕೊತಕೊತನೆ ಕುದಿಯುವಂತಹ ಸದ್ದನ್ನು ಕೇಳಿದನಂತೆ. ಪ್ಯಾರಿಸಿನಲ್ಲಿ 1957ರಲ್ಲಿ ಜೂರ್ನೊ ಮತ್ತು ಐರಿಯೆಸ್ ಎಂಬವರು ಶ್ರವಣನರವನ್ನು ಪ್ರಚೋದಿಸಿದಾಗ ರೋಗಿಗೆ ಲಯವು ತಿಳಿಯಿತೇ ಹೊರತು ಮಾತು ಅರ್ಥವಾಗಲಿಲ್ಲ. ಅಮೆರಿಕದ ವಿಲಿಯಂ ಹೌಸ್ 1961ರಲ್ಲಿ ಆರಂಭಿಸಿದ ಕಾರ್ಯವು ಮುಂದೆ ಒಂದೇ ಮಾರ್ಗದ ಸಾಧನವಾಗಿ ಬಳಕೆಗೆ ಬಂದಿತು. 1978ರಲ್ಲಿ ಆಸ್ಟ್ರೇಲಿಯದ ಗ್ರೇಮ್ ಕ್ಲಾರ್ಕ್ ಅನೇಕ ಮಾರ್ಗಗಳ ಸಾಧನವನ್ನು ರೋಗಿಯೊಬ್ಬರಿಗೆ ಅಳವಡಿಸಿದರು. ಈ ಪ್ರಯತ್ನಗಳ ಪರಮಗುರಿ ಮಾತೇ ಆಗಿದ್ದಿತು. ಅದು ಸಹಜವೂ ಹೌದು. ಧ್ವನಿಯನ್ನು ಕೆಲವು ಪಟ್ಟಿಗಳಾಗಿ ವಿಂಗಡಿಸಿ, ಒಂದೊಂದರ ಬಲವು ಕ್ಷಣಕ್ಷಣಕ್ಕೂ ಏರಿಳಿಯುವ ಬಗೆಯನ್ನು ಮಾತ್ರ ನರಕ್ಕೆ ತಲುಪಿಸಿ, ಒಳಗಿನ ಸೂಕ್ಷ್ಮಕಂಪನವನ್ನು ಬಹುಮಟ್ಟಿಗೆ ಕೈಬಿಡುವ ಪದ್ಧತಿಯು ಹೀಗೆ ನೆಲೆಗೊಂಡಿತು. ಶಾಸನದ ಮಸಿಯಚ್ಚಿನಲ್ಲಿ ಅಕ್ಷರದ ರೂಪವು ಮೂಡುತ್ತದೆ, ಕಲ್ಲಿನ ಬಣ್ಣವು ಮೂಡುವುದಿಲ್ಲ. ಇಲ್ಲಿ ನಡೆಯುವುದೂ ಅಂಥದೇ.

ಮಾತಿಗೆ ಆ ಅಚ್ಚು ಸಾಕು. ಸಹಜ ಶ್ರವಣವುಳ್ಳವರಿಗೆ ಕೇವಲ ನಾಲ್ಕು ಪಟ್ಟಿಗಳಿಗೆ ಇಳಿಸಿದ ಮಾತನ್ನು ಕೇಳಿಸಿದಾಗಲೂ, ನಿಶ್ಶಬ್ದದಲ್ಲಿ ವಾಕ್ಯಗಳು ಬಹುಪಾಲು ಅರ್ಥವಾಗುವುವೆಂದು ಶ್ಯಾನನ್ ಮತ್ತು ಸಂಗಡಿಗರು 1995ರಲ್ಲಿ ತೋರಿಸಿಕೊಟ್ಟರು. ಕನ್ನಡದ ರಚನೆಯೂ ಈ ಸಾಧನಕ್ಕೆ ಕೆಲಮಟ್ಟಿಗೆ ಅನುಕೂಲವಾಗಿದೆ. ಬಳೆ–ಬಾಳೆ, ಕತೆ–ಕತ್ತೆ ಎಂಬಲ್ಲಿ ಅರ್ಥಭೇದಕ್ಕೆ ಮುಖ್ಯ ಕಾರಣವು ಹ್ರಸ್ವದೀರ್ಘ ಮತ್ತು ದ್ವಿತ್ವ, ಅರ್ಥಾತ್ ಕಾಲಪ್ರಮಾಣ. ಕಾಲಪ್ರಮಾಣವನ್ನು ಯಂತ್ರವು ಚೆನ್ನಾಗಿ ಕಾಪಾಡುತ್ತದೆ. ಮನೆ–ಮಣೆ, ಕಾಲು–ಕಾಳು ಎಂಬಂತೆ ಉಚ್ಚಾರಣಸ್ಥಾನದಿಂದ ಬೇರೆಯಾಗುವ ಶಬ್ದಗಳಲ್ಲಿ ತೊಡಕು ಹೆಚ್ಚು. ಅಲ್ಲಿ ವಾಕ್ಯದ ಸಂದರ್ಭವೂ ಮಾತನಾಡುವವರ ತುಟಿಯೂ ನೆರವಾಗಬೇಕು. ಚೀನೀ ಭಾಷೆಯಲ್ಲಿ ಸ್ವರದ ಏರಿಳಿತದಿಂದಲೇ ಶಬ್ದಾರ್ಥವು ಬದಲಾಗುವುದರಿಂದ, ಆ ಭಾಷೆಯವರ ಕಷ್ಟವು ಮಾತಿನಲ್ಲಿಯೇ ಆರಂಭವಾಗುತ್ತದೆ.

ಸಂಗೀತಕ್ಕೆ ಬಂದರೆ ಸ್ಥಿತಿಯು ಬೇರೆ. ತಾಳವನ್ನು ಹಿಡಿಯುವುದರಲ್ಲಿ ಇಂಪ್ಲಾಂಟ್ ಉಳ್ಳವರು ಸಹಜ ಶ್ರವಣದವರಿಗೆ ಹೆಚ್ಚು ಹಿಂದುಳಿದವರಲ್ಲ. ಸ್ವರಸ್ಥಾನದ ಮಾತು ಹಾಗಲ್ಲ. ಒಂದು ಸ್ಥಾಯಿಯಲ್ಲಿ ಹನ್ನೆರಡು ಸ್ವರಸ್ಥಾನಗಳು. ನೆರೆಯ ಎರಡರ ಕಂಪನಸಂಖ್ಯೆಗಳಿಗಿರುವ ಅಂತರವು ನೂರಕ್ಕೆ ಆರರಷ್ಟು ಮಾತ್ರ. ಆ ಅಂತರವನ್ನು ಗುರುತಿಸಬಲ್ಲವರು ಇವರಲ್ಲಿ ಕೆಲವರಿದ್ದಾರಾದರೂ ಅನೇಕರಿಗೆ ಮೂರುನಾಲ್ಕು ಸ್ಥಾನಗಳಷ್ಟು, ಕೆಲವೊಮ್ಮೆ ಇನ್ನೂ ಹೆಚ್ಚಿನ, ಅಂತರವು ಬೇಕಾಗುತ್ತದೆ. ನಮ್ಮಲ್ಲಿ ಸರಳೆವರಸೆಗೆ ಆರಿಸಿಕೊಂಡ ಮಾಯಾಮಾಳವಗೌಳದಲ್ಲಿ ಷಡ್ಜದಿಂದ ರಿಷಭಕ್ಕೆ ಒಂದೇ ಸ್ಥಾನದ ಅಂತರ: ಮೊದಲ ಪಾಠದ ಮೊದಲ ಹೆಜ್ಜೆಯೇ ಅವರಿಗೆ ಅಸ್ಪಷ್ಟ! ಶಂಕರಾಭರಣವನ್ನೂ ಕಲ್ಯಾಣಿಯನ್ನೂ ಬೇರ್ಪಡಿಸುವುದು ಮಧ್ಯಮವೊಂದೇ. ಅದೂ ಒಂದು ಸ್ಥಾನದಷ್ಟೇ. ಗಮಕದ ಸೂಕ್ಷ್ಮವನ್ನಂತೂ ಹೇಳಬೇಕಾಗಿಲ್ಲ. ವಾಣಿವಿಲಾಸ ಮೊಹಲ್ಲಾದ ಎಂಟನೆಯ ಅಡ್ಡರಸ್ತೆಯ ಗಣಪತಿ ಪೆಂಡಾಲಿನಲ್ಲಿ ಇಂಥ ಶ್ರೋತೃವೊಬ್ಬರು ಕುಳಿತರೆ, ಮೃದಂಗದ ನಡೆಯನ್ನು ಅನುಸರಿಸಿಯಾರು, ಪರಿಚಿತ ಕೃತಿಯನ್ನು ಸಾಹಿತ್ಯದಿಂದ ಗುರುತಿಸಿಯಾರು. ಆಲಾಪನೆಯಲ್ಲಿ ಮಾತಿಲ್ಲ, ತಾಳವೂ ಇಲ್ಲ.

ಪ್ರೌಢವಯಸ್ಸಿನಲ್ಲಿ ಕಿವಿ ಕಳೆದುಕೊಂಡು ಇಂಪ್ಲಾಂಟ್ ಪಡೆದವರಲ್ಲಿ ಹಲವರು, ತಾವು ಬಲ್ಲ ಸಂಗೀತವು ಕರ್ಕಶವಾಯಿತೆಂದು ಅದನ್ನು ಕೇಳುವುದನ್ನೇ ಬಿಡುವುದುಂಟು. ಹುಟ್ಟುಕಿವುಡರಾಗಿ ಎಳವೆಯಲ್ಲಿಯೇ ಇದನ್ನು ಪಡೆದ ಮಕ್ಕಳಿಗೆ ಹೋಲಿಸಿ ನೋಡಲು ಹಳೆಯ ನೆನಪಿಲ್ಲ. ಅವರಲ್ಲಿ ಹಾಡಿ ಕುಣಿದು ಆನಂದಿಸುವವರು ಬೇಕಾದಷ್ಟು ಮಂದಿ, ಶ್ರುತಿಯು ತಪ್ಪಿದರೂ. ಮಗು ಹಾಡುವುದೇ ಎಂದು ಕೇಳುವ ತಾಯಿಗೆ ಶಸ್ತ್ರಚಿಕಿತ್ಸೆಗೆ ಮುಂಚೆಯೇ ಇಷ್ಟನ್ನೂ ತಿಳಿಸುವುದು ನ್ಯಾಯ. ಇನ್ನೊಂದು ಕಿವಿಯಲ್ಲಿ ಮಂದ್ರಧ್ವನಿ ಅಲ್ಪಸ್ವಲ್ಪ ಉಳಿದಿದ್ದರೆ, ಆ ಕಿವಿಗೆ ಸಾಮಾನ್ಯ ಶ್ರವಣಸಾಧನವನ್ನು ಧರಿಸುವುದರಿಂದ ಸ್ವರಜ್ಞಾನಕ್ಕೆ ನೆರವಾಗುತ್ತದೆ. ಅಭ್ಯಾಸದಿಂದಲೂ ಕೆಲಮಟ್ಟಿಗೆ ಸುಧಾರಣೆಯಾಗುತ್ತದೆ.

ಕೇಂದ್ರ ಸರ್ಕಾರದ ಎಡಿಪ್ ಯೋಜನೆಯು 2014ರಲ್ಲಿ ಪರಿಷ್ಕೃತವಾದ ತರುವಾಯ ಬಡಕುಟುಂಬಗಳ ಮಕ್ಕಳಿಗೂ ಈ ಸಾಧನವು ದೊರೆಯುವಂತಾಯಿತು. ಆ ಮಕ್ಕಳು ನಮ್ಮ ತರಗತಿಗಳಿಗೆ ಬರುವ ಕಾಲವು ದೂರವಿಲ್ಲ. ಸ್ವರವನ್ನು ಕಳೆಯುವ ನ್ಯೂನತೆಯೇ ಗದ್ದಲದಲ್ಲಿ ಮಾತನ್ನೂ ಕಳೆಯುತ್ತದೆ. ಏಕೆಂದರೆ ಎರಡು ಕಂಠಗಳನ್ನು ಬೇರ್ಪಡಿಸಲು ನಮಗೆ ನೆರವಾಗುವ ಮುಖ್ಯ ಗುರುತು ಅವುಗಳ ಶ್ರುತಿಭೇದ. ಫ್ಯಾನಿನ ಸದ್ದು, ಹಿಂದಿನ ಬೆಂಚಿನ ಪಿಸುಮಾತು, ಎತ್ತರದ ಮಾಳಿಗೆಯ ಪ್ರತಿಧ್ವನಿ ಇವು ನಮಗೆ ಸಣ್ಣ ಕಿರುಕುಳಗಳು. ಅಂಥ ವಿದ್ಯಾರ್ಥಿಗೆ ಪಾಠವೇ ಮುಳುಗಿಹೋಗುತ್ತದೆ. ಅಧ್ಯಾಪಕರು ಕೊರಳಲ್ಲಿ ಧರಿಸಬಹುದಾದ, ಯಂತ್ರಕ್ಕೆ ನೇರವಾಗಿ ಮಾತನ್ನು ತಲುಪಿಸುವ ಮೈಕ್ರೊಫೋನುಗಳು ಇವೆ. ಅವಿಲ್ಲದ ಕಡೆ ಆ ವಿದ್ಯಾರ್ಥಿಯನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಕಪ್ಪುಹಲಗೆಯ ಕಡೆಗೆ ತಿರುಗಿ ಬರೆಯುತ್ತ ಮಾತನಾಡದೆ, ಬರೆದು ಮುಗಿಸಿ ಈಚೆ ತಿರುಗಿ ಮಾತನಾಡಬೇಕು.